ಚುವಾನ್‌ಝೌ ಊರು, ಅಲ್ಲಿನ ಡ್ರ್ಯಾಗನ್: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ: ಮಹಾಗೋಡೆ ಮತ್ತು ಬೆಂಕಿ ಉಗುಳುವ ಡ್ರ್ಯಾಗನ್. ಗೋಡೆಯೇನೋ ಅಲ್ಲಿದೆ. ಬೆಂಕಿ ಮಾತ್ರ ಅಲ್ಲಿಯದಲ್ಲ, ಅದು ಯುರೋಪಿನ ಕಥೆಗಳಿಂದ ಬಂದದ್ದು. ಚೀನಾದ ಡ್ರ್ಯಾಗನ್ ನೀರಿನ ಜೀವಿ. ಅದನ್ನು ಬೀಜಿಂಗ್ ಅರಮನೆಯಲ್ಲಿ ನೋಡುವುದಕ್ಕಿಂತ ಒಂದು ಕಡಲ ಊರಿನಲ್ಲಿ, ಗುಡಿಯ ಮಾಡಿನ ಮೇಲೆ, ಹಡಗಿನ ತಳದಲ್ಲಿ, ಚಹಾದ ಬಟ್ಟಲಲ್ಲಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ ಅಂತ ನನ್ನ ಅನಿಸಿಕೆ. ಅದಕ್ಕೇ ಚುವಾನ್‌ಝೌ ಎಂಬ ಊರನ್ನು ಹಿಡಿದುಕೊಂಡಿದ್ದೇನೆ.

ಈ ಊರು ಎಲ್ಲಿದೆ? ಹೆಸರನ್ನು ಹೇಗೆ ಹೇಳಬೇಕು?

ಚೀನಾದ ಆಗ್ನೇಯ ಕರಾವಳಿಯ ಫೂಜಿಯನ್ ಪ್ರಾಂತ್ಯದಲ್ಲಿದೆ. ಎದುರಿಗೆ ಜಲಸಂಧಿ, ಅದರಾಚೆ ತೈವಾನ್. ಇಂಗ್ಲಿಷ್ ಅಕ್ಷರ ನೋಡಿಕೊಂಡು ನಮ್ಮಲ್ಲಿ ‘ಕ್ವಾನ್‌ಝೌ’ ಅಂತಲೂ ಬರೆಯುವುದುಂಟು. ಅಲ್ಲಿನ ಉಚ್ಚಾರಕ್ಕೆ ‘ಚುವಾನ್‌ಝೌ’ ಹತ್ತಿರ. ಊರಿನವರ ಮನೆಮಾತು ಬೀಜಿಂಗಿನ ಮ್ಯಾಂಡರಿನ್ ಅಲ್ಲ, ಮಿನ್ನಾನ್. ಹೊಕ್ಕಿಯೆನ್ ಅಂತಲೂ ಅದನ್ನು ಕರೆಯುತ್ತಾರೆ. ಸಿಂಗಪುರ, ಪೆನಾಂಗ್ ಕಡೆ ಇದ್ದು ಬಂದವರಿಗೆ ಈ ಹೆಸರು ಹೊಸದಲ್ಲ. ಅಲ್ಲಿನ ಚೀನೀ ಮೂಲದವರಲ್ಲಿ ಬಹಳ ಜನರ ಹಿರಿಯರು ಇದೇ ಕಡೆಯವರು. ಸುತ್ತಲಿನ ತಾಲ್ಲೂಕುಗಳನ್ನೂ ಸೇರಿಸಿ 2020ರ ಜನಗಣತಿಯಲ್ಲಿ ಇಲ್ಲಿ ಸುಮಾರು 88 ಲಕ್ಷ ಜನ ಇದ್ದರು.

ಶಾಂಘೈ, ಹಾಂಗ್‌ಕಾಂಗ್ ಎಲ್ಲ ಬಿಟ್ಟು ಈ ಊರೇ ಯಾಕೆ?

ಶಾಂಘೈ, ಹಾಂಗ್‌ಕಾಂಗ್ ದೊಡ್ಡದಾಗಿದ್ದು ಮೊನ್ನೆ ಮೊನ್ನೆ. ಚುವಾನ್‌ಝೌದಲ್ಲಿ 1087ರಲ್ಲೇ ಕಡಲ ವ್ಯಾಪಾರ ನೋಡಿಕೊಳ್ಳಲು, ಸುಂಕ ವಸೂಲಿ ಮಾಡಲು ಸರ್ಕಾರಿ ಕಚೇರಿ ಇತ್ತು. ಮುಂದಿನ ಮುನ್ನೂರು ವರ್ಷ ಇದು ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದಾಗಿತ್ತು. ಅರಬರು, ಪರ್ಷಿಯನ್ನರು, ತಮಿಳರು ಇಲ್ಲಿ ಬಂದು ಮನೆ ಮಾಡಿಕೊಂಡಿದ್ದರು. 1009ರಲ್ಲಿ ಕಟ್ಟಿದ ಮಸೀದಿಯ ಕಲ್ಲಿನ ಬಾಗಿಲು ಈಗಲೂ ನಿಂತಿದೆ. ಪರ್ಷಿಯಾ ಕಡೆ ಹುಟ್ಟಿ ಜಗತ್ತಿನ ಉಳಿದೆಲ್ಲ ಕಡೆ ಅಳಿದೇ ಹೋದ ಮಾನಿ ಮತದ ಒಂದು ಗುಡಿ ಪಕ್ಕದ ಜಿನ್‌ಜಿಯಾಂಗ್‌ನಲ್ಲಿದೆ. 2021ರಲ್ಲಿ ಯುನೆಸ್ಕೊ ಈ ಊರಿನ ಮತ್ತು ಸುತ್ತಮುತ್ತಲಿನ 22 ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅರಬರು ಈ ಊರನ್ನು ‘ಜೈತೂನ್’ ಅನ್ನುತ್ತಿದ್ದರು. ಅರಬ್ಬಿಯಲ್ಲಿ ಜೈತೂನ್ ಅಂದರೆ ಆಲಿವ್. ಆದರೆ ಊರಲ್ಲಿ ಆಲಿವ್ ಮರವೇ ಇರಲಿಲ್ಲ. ಇದ್ದದ್ದು ‘ತ್ಸಿಥೊಂಗ್’ ಎಂಬ ಕೆಂಪು ಹೂವಿನ ಮುಳ್ಳಿನ ಮರ. ಹತ್ತನೇ ಶತಮಾನದಲ್ಲಿ ಕೋಟೆ ವಿಸ್ತರಿಸಿದಾಗ ಸುತ್ತಲೂ ಅದನ್ನೇ ನೆಟ್ಟಿದ್ದರು. ತ್ಸಿಥೊಂಗ್ ಅರಬರ ಬಾಯಲ್ಲಿ ಜೈತೂನ್ ಆಯಿತು. ಆ ಮರ ಯಾವುದು ಗೊತ್ತಾ? ನಮ್ಮ ಹಾಲವಾಣ! ಮಲೆನಾಡಿನಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತೇವಲ್ಲ, ಅದೇ. ಮೆಣಸು ಹಬ್ಬುವ ಮರದ ಹೆಸರಿನ ಊರಿಗೇ ಹಡಗುಗಟ್ಟಲೆ ಮೆಣಸು ಹೋಗುತ್ತಿತ್ತು. ಇದು ಸುಮ್ನೆ ಕಾಕತಾಳೀಯ, ಆದರೂ ನನಗೆ ಖುಷಿ ಕೊಡುತ್ತದೆ.

ಸರಿ, ಡ್ರ್ಯಾಗನ್ ವಿಷಯಕ್ಕೆ ಬನ್ನಿ. ಅದು ಬೆಂಕಿ ಉಗುಳುವುದಿಲ್ಲ ಅಂದ್ರಾ?

ಇಲ್ಲ. ಮಳೆ ಸುರಿಸುತ್ತದೆ.

ಚೀನೀಯರು ಅದನ್ನು ‘ಲೊಂಗ್’ ಅನ್ನುತ್ತಾರೆ. ನದಿ, ಬಾವಿ, ಮೋಡ, ಕಡಲು ಅದರ ಜಾಗ. ರೆಕ್ಕೆ ಸಾಮಾನ್ಯವಾಗಿ ಇರುವುದಿಲ್ಲ, ಆದರೂ ಹಾರುತ್ತದೆ. ಚಿನ್ನ ಬಚ್ಚಿಟ್ಟುಕೊಂಡು ಕಾವಲು ಕೂರುವುದು, ರಾಜಕುಮಾರಿಯನ್ನು ಹೊತ್ತೊಯ್ಯುವುದು, ವೀರನೊಬ್ಬ ಬಂದು ಅದನ್ನು ಕೊಲ್ಲುವುದು, ಇವೆಲ್ಲ ಯುರೋಪಿನ ಡ್ರ್ಯಾಗನ್ ಕಥೆ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಬಳಸಿದ್ದೇ ಈ ಗೊಂದಲದ ಮೂಲ. ಈಚೆಗೆ ಚೀನಾದ ಕೆಲವರು ಇಂಗ್ಲಿಷ್ ಬರೆಯುವಾಗಲೂ ‘ಡ್ರ್ಯಾಗನ್’ ಬಿಟ್ಟು ‘ಲೂಂಗ್’ ಅಂತಲೇ ಬರೆಯುತ್ತಿದ್ದಾರೆ. ನನಗೆ ಅದು ಸರಿ ಅನಿಸುತ್ತದೆ. ಆದರೆ ಓದುವವರಿಗೆ ಕಷ್ಟವಾಗಬಾರದು ಅಂತ ಇಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದೇನೆ.

ನೋಡಲು ಹೇಗಿರುತ್ತದೆ?

ಒಂಬತ್ತು ಪ್ರಾಣಿಗಳ ಹೋಲಿಕೆ ಇರಬೇಕು ಅಂತ ಹಳೆಯ ಲೆಕ್ಕ. ಜಿಂಕೆಯ ಕೊಂಬು, ಒಂಟೆಯ ತಲೆ, ಹಾವಿನ ಕುತ್ತಿಗೆ, ಕಾರ್ಪ್ ಮೀನಿನ ಹುರುಪೆ, ಹದ್ದಿನ ಉಗುರು, ಹುಲಿಯ ಅಂಗಾಲು, ಎತ್ತಿನ ಕಿವಿ, ಹೀಗೆ ಹೋಗುತ್ತದೆ. ಹುರುಪೆಗಳು 117, ಅದರಲ್ಲಿ 81 ಗಂಡು ಗುಣದವು, 36 ಹೆಣ್ಣು ಗುಣದವು. ಎರಡೂ ಒಂಬತ್ತರ ಮಗ್ಗಿಯವು. ಒಂಬತ್ತು ಅಲ್ಲಿ ಡ್ರ್ಯಾಗನ್‌ನ ಸಂಖ್ಯೆ.

ಚಿತ್ರ ನೋಡುವಾಗ ಕಾಲಿನ ಉಗುರು ಎಣಿಸಿ. ಐದು ಉಗುರಿನದು ಚಕ್ರವರ್ತಿಗೆ ಮೀಸಲಾಗಿತ್ತು. ಅವನ ಕೆಳಗಿನವರಿಗೆ ನಾಲ್ಕು.

ನಮ್ಮ ನಾಗನಿಗೂ ಅದಕ್ಕೂ ಸಂಬಂಧ ಇದೆಯಾ?

ಇದೆ. ಆದರೆ ‘ಡ್ರ್ಯಾಗನ್ ಭಾರತದಿಂದ ಹೋದದ್ದು’ ಅಂತ ವಾಟ್ಸ್ಯಾಪಿನಲ್ಲಿ ಬರುವ ಹಾಗಲ್ಲ. ಡ್ರ್ಯಾಗನ್ ಚೀನಾದ್ದೇ. ಹೆನಾನ್ ಪ್ರಾಂತ್ಯದ ಪುಯಾಂಗ್‌ನಲ್ಲಿ 1987ರಲ್ಲಿ ಒಂದು ಸಮಾಧಿ ಸಿಕ್ಕಿತು. ಹೆಣದ ಒಂದು ಪಕ್ಕಕ್ಕೆ ಚಿಪ್ಪುಗಳನ್ನು ಜೋಡಿಸಿ ಮಾಡಿದ ಡ್ರ್ಯಾಗನ್, ಇನ್ನೊಂದು ಪಕ್ಕಕ್ಕೆ ಹುಲಿ. ಅದಕ್ಕೆ ಸುಮಾರು ಆರು ಸಾವಿರ ವರ್ಷ.

ಭಾರತದ ಪಾಲು ಬಂದದ್ದು ಬಹಳ ಆಮೇಲೆ, ಬೌದ್ಧ ಗ್ರಂಥಗಳ ಜೊತೆ. ಅವುಗಳನ್ನು ಚೀನೀ ಭಾಷೆಗೆ ತಂದವರಿಗೆ ‘ನಾಗ’ ಎಂಬ ಪದ ಎದುರಾಯಿತು. ನೀರಿನಲ್ಲಿರುವ, ಮಳೆ ತರುವ, ನಿಧಿ ಕಾಯುವ ಹಾವಿನ ದೇವತೆ. ಅವರು ಅದಕ್ಕೆ ‘ಲೊಂಗ್’ ಅಂತಲೇ ಬರೆದರು. ನಾಗರಾಜ ‘ಲೊಂಗ್ ವಾಂಗ್’ ಆದ, ಅಂದರೆ ಡ್ರ್ಯಾಗನ್ ರಾಜ. ಕಡಲ ತಳದಲ್ಲಿ ಅರಮನೆ, ಮಂತ್ರಿಗಳು, ಮಕ್ಕಳು ಮರಿ ಇರುವ ಡ್ರ್ಯಾಗನ್ ರಾಜನ ಕಲ್ಪನೆಯಲ್ಲಿ ಈ ನಾಗರಾಜನ ಅಂಶ ಜಾಸ್ತಿ ಇದೆ. ನಾಲ್ಕು ದಿಕ್ಕಿನ ಕಡಲಿಗೆ ನಾಲ್ವರು ರಾಜರು. ಪೂರ್ವದವನು ಆವ್ ಗುವಾಂಗ್, ದಕ್ಷಿಣದವನು ಆವ್ ಚಿನ್.

ಹಾಗಂತ ನಾಗಬನಕ್ಕೆ ಹೋಗಿ ತನು ಎರೆದು ಬರುವ ನಮ್ಮ ಕರಾವಳಿಯವರ ಭಾವವನ್ನು ಅಲ್ಲಿ ಹುಡುಕಬೇಡಿ. ನಮ್ಮ ನಾಗ ನೆಲದವನು, ಅವನಿಗೆ ಒಂದು ಜಾಗ ಇದೆ. ಅದನ್ನು ಕೆಡಿಸಬಾರದು. ಅವರ ಲೊಂಗ್ ಓಡಾಡುವವನು. ಮೋಡದ ಜೊತೆ ಬಂದು ಮೋಡದ ಜೊತೆ ಹೋಗುತ್ತಾನೆ.

ಜನ ಅದಕ್ಕೆ ಹೆದರುತ್ತಾರಾ?

ಗೌರವ ಇದೆ, ಸಲಿಗೆಯೂ ಇದೆ. ಮಳೆ ಬಾರದಿದ್ದರೆ ಹಿಂದೆ ಚೀನಾದ ಹಳ್ಳಿಗಳಲ್ಲಿ ಮೊದಲು ಪೂಜೆ ಮಾಡುತ್ತಿದ್ದರು. ಆಗಲೂ ಬಾರದಿದ್ದರೆ ಡ್ರ್ಯಾಗನ್ ರಾಜನ ಮೂರ್ತಿಯನ್ನು ಗುಡಿಯಿಂದ ಎತ್ತಿಕೊಂಡು ಬಂದು ಸುಡುಬಿಸಿಲಿನಲ್ಲಿ ಕೂರಿಸುತ್ತಿದ್ದರು. ‘ನೀನೂ ಒಂದಿಷ್ಟು ಒಣಗು, ಆಗ ಗೊತ್ತಾಗುತ್ತದೆ’ ಅಂತ. ಬೇರೆ ಯಾವ ದೇವರ ಜೊತೆಗಾದರೂ ಇಷ್ಟು ನೇರ ವ್ಯವಹಾರ ಇದೆಯೋ ಇಲ್ಲವೋ!

ಚುವಾನ್‌ಝೌವನ್ನು ಮೀನಿನ ಊರು ಅನ್ನುತ್ತಾರಲ್ಲ, ಯಾಕೆ?

ಹಳೆಯ ಕೋಟೆಯ ಆಕಾರ ಕಾರ್ಪ್ ಮೀನಿನ ಹಾಗಿತ್ತು ಅಂತ ‘ಲಿಚೆಂಗ್’, ಅಂದರೆ ಕಾರ್ಪ್ ಊರು, ಎಂಬ ಹೆಸರು ಬಂತು. ಹಳೆಯ ಪೇಟೆ ಇರುವ ಭಾಗವನ್ನು ಈಗಲೂ ಆಡಳಿತದ ಕಾಗದಗಳಲ್ಲಿ ಹಾಗೇ ಕರೆಯುತ್ತಾರೆ.

ಇಲ್ಲಿ ಡ್ರ್ಯಾಗನ್ ಹಿಂಬಾಗಿಲಿನಿಂದ ಬರುತ್ತದೆ. ಚೀನಾದ ಪ್ರತಿ ಮಗುವಿಗೂ ಗೊತ್ತಿರುವ ಕಥೆಯೊಂದಿದೆ. ಹಳದಿ ನದಿಯಲ್ಲಿ ‘ಡ್ರ್ಯಾಗನ್ ಬಾಗಿಲು’ ಎಂಬ ಜಾಗ. ನೀರು ಅಬ್ಬರಿಸಿ ಕೆಳಗೆ ಬರುತ್ತದೆ. ಕಾರ್ಪ್ ಮೀನುಗಳು ಎದುರು ಈಜಿ ಮೇಲಕ್ಕೆ ಹಾರಲು ನೋಡುತ್ತವೆ. ಯಾವ ಮೀನು ಬಾಗಿಲು ದಾಟುತ್ತದೋ ಅದು ಡ್ರ್ಯಾಗನ್ ಆಗುತ್ತದೆ. ಹಿಂದೆ ಸರ್ಕಾರಿ ಹುದ್ದೆಯ ಪರೀಕ್ಷೆ ಪಾಸಾದವನನ್ನು ಹೀಗೇ ಹೊಗಳುತ್ತಿದ್ದರು: ಬಾಗಿಲು ಹಾರಿದ ಮೀನು. ಈಗಲೂ ದೊಡ್ಡ ಪರೀಕ್ಷೆಯ ಹೊತ್ತಿಗೆ ಈ ಮಾತು ಬರುತ್ತದೆ.

ಮೀನಿನ ಊರಿಗೆ ಒಂದು ಅಪಾಯವೂ ಇತ್ತು. ಪಕ್ಕದ ಯೊಂಗ್‌ಚುನ್ ಊರಿನ ಆಕಾರ ಬಲೆಯ ಹಾಗಿದೆಯಂತೆ! ಬಲೆ ಬಂದು ಮೀನಿನ ಮೇಲೆ ಬಿದ್ದರೆ ಕಥೆ ಮುಗಿಯಿತು. ಅದಕ್ಕೆ ಊರಿನವರು ಎತ್ತರದ ಎರಡು ಕಲ್ಲಿನ ಗೋಪುರ ಕಟ್ಟಿ ಬಲೆ ಕೆಳಗೆ ಬೀಳದ ಹಾಗೆ ಮಾಡಿದರು ಅಂತ ಐತಿಹ್ಯ. ಕೈಯುವಾನ್ ದೇವಸ್ಥಾನದ ಜೋಡಿ ಗೋಪುರಗಳು ಇವೇ. 686ರಲ್ಲಿ ಶುರುವಾದ ಬೌದ್ಧ ದೇವಸ್ಥಾನ ಅದು. ಈಗಿನ ಕಲ್ಲಿನ ಗೋಪುರಗಳು 1228ರಿಂದ 1250ರ ನಡುವೆ ಕಟ್ಟಿದವು. ಎಂಟು ಮೂಲೆ, ಐದು ಅಂತಸ್ತು, ಪೂರ್ವದ್ದು ಸುಮಾರು 48 ಮೀಟರ್ ಎತ್ತರ. 1604ರಲ್ಲಿ ಈ ಕರಾವಳಿಯಲ್ಲಿ ಭಾರೀ ಭೂಕಂಪ ಆಯಿತು. ಗೋಪುರಗಳು ನಿಂತವು. ಬಲೆಯ ಕಥೆಯನ್ನು ನಂಬುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಡ್ರ್ಯಾಗನ್ ಚಕ್ರವರ್ತಿಯ ಗುರುತಲ್ವಾ? ಜನಸಾಮಾನ್ಯರು ಅದನ್ನು ಬಳಸಬಹುದಿತ್ತಾ?

ಮನೆಯ ಮೇಲೆ ಏರಿಸುವ ಹಾಗಿರಲಿಲ್ಲ. ಗುಡಿಯ ಮೇಲೆ ಏರಿಸಬಹುದಿತ್ತು, ದೇವರು ಅಲ್ಲಿರುತ್ತಾನಲ್ಲ. ಹಾಗಾಗಿ ಚುವಾನ್‌ಝೌದ ಹಳೆಯ ಬೀದಿಯಲ್ಲಿ ನಡೆಯುವಾಗ ಮಾಡು ನೋಡಿಯೇ ಗುಡಿ ಯಾವುದು, ಮನೆ ಯಾವುದು ಹೇಳಬಹುದು. ಮಾಡಿನ ಏಣಿನ (ನೆತ್ತಿಯ ಅಂಚಿನ) ಮೇಲೆ ಬಣ್ಣಬಣ್ಣದ ಡ್ರ್ಯಾಗನ್ ಇದ್ದರೆ ಗುಡಿ. ಏಣಿನ ಎರಡು ತುದಿ ಮೇಲಕ್ಕೆ ಬಾಗಿ ಕವಲೊಡೆದು ಸುಮ್ಮನಾಗಿದ್ದರೆ ಅನುಕೂಲಸ್ಥರ ಮನೆ. ಅದನ್ನು ‘ಕವಲುತೋಕೆ ಹಕ್ಕಿಯ ಬಾಲ’ ಅನ್ನುತ್ತಾರೆ.

ಆ ಕೆಂಪು ಇಟ್ಟಿಗೆಯ ಮನೆಗಳೇ ಅರಮನೆಯ ಗತ್ತಿನವು. ಅದಕ್ಕೂ ಒಂದು ಕಥೆ ಕಟ್ಟಿದ್ದಾರೆ. ಫೂಜಿಯನ್ ಆಳುತ್ತಿದ್ದ ಮಿನ್ ರಾಜನ ರಾಣಿಯೊಬ್ಬಳು ಈ ಊರಿನವಳು. ಜೋರು ಮಳೆ ಬಂದ ದಿನ ಅಳುತ್ತಾ ಕೂತಿದ್ದಳು. ಯಾಕೆ ಅಂದರೆ, ‘ನನ್ನ ತವರಿನ ಮಾಡು ಸೋರುತ್ತಿರಬೇಕು’ ಅಂದಳು. ರಾಜ ಕರಗಿ ‘ನಿನ್ನ ಮನೆಯವರು ಅರಮನೆಯ ಹಾಗೆ ಕಟ್ಟಿಕೊಳ್ಳಲಿ’ ಅಂದ. ಮಿನ್ನಾನ್ ಮಾತಿನಲ್ಲಿ ‘ನಿನ್ನ ಮನೆ’ ಎಂಬುದು ‘ಇಡೀ ಜಿಲ್ಲೆ’ ಎಂಬಂತೆ ಕೇಳಿಸಿತಂತೆ. ಅಪ್ಪಣೆ ವಾಪಸ್ ಬರುವುದರೊಳಗೆ ಊರಿಗೆ ಊರೇ ಕಟ್ಟಿಕೊಂಡಿತ್ತು. ಇತಿಹಾಸ ಅಲ್ಲ, ಆದರೆ ಊರಿನವರ ಸ್ವಭಾವ ಗೊತ್ತಾಗುತ್ತದೆ.

ಡ್ರ್ಯಾಗನ್ ವಿಷಯದಲ್ಲೂ ಇವರು ಹೀಗೇ ಒಂದು ದಾರಿ ಹುಡುಕಿಕೊಂಡಿದ್ದಾರೆ. ಕಿಟಕಿಯ ಜಾಲರಿಯಲ್ಲಿ ಬಳ್ಳಿಯ ಹಾಗೆ ಸುತ್ತಿಕೊಂಡ ಕೆತ್ತನೆ ಇರುತ್ತದೆ. ದೂರದಿಂದ ಧೂಪದ ಪಾತ್ರೆಯ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಕಣ್ಣು, ಮೂತಿ ಕಾಣುತ್ತವೆ. ಅದು ‘ಚೀ’, ಕೊಂಬಿಲ್ಲದ ಡ್ರ್ಯಾಗನ್.

ಮಾಡಿನ ಮೇಲಿನ ಆ ಹೊಳೆಯುವ ಡ್ರ್ಯಾಗನ್‌ಗಳನ್ನು ಯಾವುದರಿಂದ ಮಾಡುತ್ತಾರೆ?

ಒಡೆದ ಬಟ್ಟಲಿನಿಂದ. ನಿಜವಾಗಿ.

ಈ ಕೆಲಸಕ್ಕೆ ‘ಜಿಯೆನ್‌ನಿಯೆನ್’ ಎಂದು ಹೆಸರು: ಕತ್ತರಿಸಿ ಅಂಟಿಸುವುದು. ಮೊದಲು ತಂತಿ ಮತ್ತು ಗಾರೆಯಿಂದ ಡ್ರ್ಯಾಗನ್‌ನ ಮೈ ಮಾಡಿಕೊಳ್ಳುತ್ತಾರೆ. ಆಮೇಲೆ ಬಣ್ಣದ ಪಿಂಗಾಣಿ ಬಟ್ಟಲುಗಳನ್ನು ಒಡೆದು, ಇಕ್ಕಳದಿಂದ ಒಂದೊಂದೇ ಚೂರನ್ನು ಬೆರಳಿನ ಉಗುರಿನಷ್ಟು ಗಾತ್ರಕ್ಕೆ ಕಚ್ಚಿ ಕತ್ತರಿಸುತ್ತಾರೆ. ಗಾರೆ ಹಸಿಯಿರುವಾಗಲೇ ಬಾಲದ ಕಡೆಯಿಂದ ಹುರುಪೆಯ ಹಾಗೆ ಒಂದರ ಮೇಲೊಂದು ಒತ್ತುತ್ತಾ ಬರಬೇಕು. ಬಟ್ಟಲಿನ ಬಾಗು ಇಲ್ಲಿ ಕೆಲಸಕ್ಕೆ ಬರುತ್ತದೆ. ಚಪ್ಪಟೆ ಟೈಲ್ಸ್ ಚೂರಿನಲ್ಲಿ ಹುರುಪೆಗೆ ಆ ಉಬ್ಬು ಬರುವುದಿಲ್ಲ. ಕಡಲ ಗಾಳಿಯ ಉಪ್ಪಿಗೆ ಬಣ್ಣ ಹಚ್ಚಿದ ಗಾರೆ ಬೇಗ ಮಾಸುತ್ತದೆ. ಪಿಂಗಾಣಿ ಮಾಸುವುದಿಲ್ಲ, ಮಳೆ ಬಂದರೆ ತೊಳೆದು ಇನ್ನೂ ಹೊಳೆಯುತ್ತದೆ. ಹತ್ತಿರದ ದೆಹುವಾ ಪಿಂಗಾಣಿಗೆ ಶತಮಾನಗಳಿಂದ ಹೆಸರಾದ ಊರು.

ಚೀನಾದ ಹಳೆಯ ಕಟ್ಟಡಗಳಲ್ಲಿ ಏಣಿನ ತುದಿಯನ್ನು ಕಚ್ಚಿ ಹಿಡಿದಿರುವ, ಅರ್ಧ ಮೀನು ಅರ್ಧ ಡ್ರ್ಯಾಗನ್ ಆದ ಇನ್ನೊಂದು ಜೀವಿ ಕಾಣುತ್ತದೆ. ‘ಚಿವೆನ್’ ಅಂತ ಹೆಸರು, ಡ್ರ್ಯಾಗನ್‌ನ ಒಂಬತ್ತು ಮಕ್ಕಳಲ್ಲಿ ಒಬ್ಬ. ಅದರ ಕೆಲಸ ಮರದ ಕಟ್ಟಡಕ್ಕೆ ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದು. ನೋಡಿ, ಬೆಂಕಿ ಉಗುಳುವುದಿರಲಿ, ಬೆಂಕಿ ಆರಿಸುವ ಡ್ಯೂಟಿ! ಅದರ ರೂಪಕ್ಕೆ ಭಾರತದ ಮಕರವೂ ಒಂದು ಮೂಲ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಹಳೇಬೀಡು, ಸೋಮನಾಥಪುರದ ಗೋಡೆಯ ಬುಡದಲ್ಲಿ ಸಾಲಾಗಿ ಓಡುವ ಮಕರಗಳನ್ನು ನೋಡಿದವರಿಗೆ ಚಿವೆನ್‌ನ ಮುಖ ಅಷ್ಟೇನೂ ಅಪರಿಚಿತ ಅನಿಸುವುದಿಲ್ಲ.

ಕಲ್ಲಿನ ಡ್ರ್ಯಾಗನ್ ಕಂಬಗಳೂ ಇಲ್ಲಿಯವೇ?

ಪಕ್ಕದ ಹುಯಿಆನ್‌ನ ಕಲ್ಲುಕುಟಿಗರ ಕೈಚಳಕ ಅದು. ಇಲ್ಲಿಂದ ವಲಸೆ ಹೋದವರು ಹೋದಲ್ಲೆಲ್ಲ ಅದೇ ಬಗೆಯ ಗುಡಿ ಕಟ್ಟಿದರು. ತೈವಾನಿನ ತೈಪೆಯ ಪ್ರಸಿದ್ಧ ಲೊಂಗ್‌ಶಾನ್ ಗುಡಿಯನ್ನು 1738ರಲ್ಲಿ ಕಟ್ಟಿದ್ದು ಚುವಾನ್‌ಝೌ ಕಡೆಯಿಂದ ಹೋದವರು. ತಮ್ಮೂರ ಅನ್‌ಹಾಯ್‌ನ ಲೊಂಗ್‌ಶಾನ್ ಗುಡಿಯ ಹೆಸರನ್ನೇ ಇಟ್ಟರು. ಲೊಂಗ್‌ಶಾನ್ ಅಂದರೆ ಡ್ರ್ಯಾಗನ್ ಬೆಟ್ಟ. ಸಿಂಗಪುರಕ್ಕೆ ಹೋದರೆ ತೆಲೊಕ್ ಆಯರ್ ಬೀದಿಯ ಥಿಯಾನ್ ಹೊಕ್ ಕೆಂಗ್ ಗುಡಿ ನೋಡಿ. ಹೊಕ್ಕಿಯೆನ್ ಜನ 1842ರಲ್ಲಿ ಮುಗಿಸಿದ ಗುಡಿ.

ಕಡಲಿಗೆ ಹೋಗುವವರು ಡ್ರ್ಯಾಗನ್ ರಾಜನನ್ನೇ ಬೇಡಿಕೊಳ್ಳುತ್ತಾರಾ?

ಇಲ್ಲಿ ಬಹಳ ಜನ ಎಡವುತ್ತಾರೆ. ಕಡಲಿಗೆ ರಾಜ ಡ್ರ್ಯಾಗನ್ ಆದರೂ, ಬಿರುಗಾಳಿಯಲ್ಲಿ ನಾವಿಕರು ಕೂಗುವುದು ‘ಮಾಜು’ ಎಂದು. ಮಾಜು ಎಂದರೆ ತಾಯಿ, ಅಜ್ಜಿ ಎಂಬ ಸಲಿಗೆಯ ಹೆಸರು. ಅವಳು 960ರಲ್ಲಿ ಪಕ್ಕದ ಮೆಯ್‌ಝೌ ದ್ವೀಪದಲ್ಲಿ ಹುಟ್ಟಿದ ಲಿನ್ ಮೊ ಎಂಬ ಹುಡುಗಿ ಎಂದು ನಂಬಿಕೆ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು, ಆಮೇಲೆ ಕಡಲಲ್ಲಿ ಸಿಕ್ಕಿಕೊಂಡವರಿಗೆ ಕೆಂಪು ಉಡುಪಿನಲ್ಲಿ ಕಾಣಿಸತೊಡಗಿದಳು. ಚುವಾನ್‌ಝೌದ ಅವಳ ಗುಡಿ 1196ರದ್ದು. ಡ್ರ್ಯಾಗನ್‌ಗಳು ಅವಳ ಮಾಡಿನ ಮೇಲಿವೆ, ಅವಳು ಒಳಗೆ.

ಸರ್ಕಾರಕ್ಕೂ ಗಾಳಿಯ ಚಿಂತೆ ಇತ್ತು. ಊರಾಚೆಯ ಜಿಯುರಿ ಬೆಟ್ಟದ ಬಂಡೆಗಳ ಮೇಲೆ ಸೊಂಗ್ ರಾಜವಂಶದ ಕಾಲದ ಅಧಿಕಾರಿಗಳು ಗಾಳಿಗಾಗಿ ಪೂಜೆ ಮಾಡಿದ ದಿನ, ಬಂದವರ ಹೆಸರು ಎಲ್ಲ ಕೆತ್ತಿಸಿದ್ದಾರೆ. ಅಂಥ ಹತ್ತು ಶಾಸನಗಳಿವೆ. ಚಳಿಗಾಲದಲ್ಲಿ ಹಡಗು ಹೊರಡಲು ಈಶಾನ್ಯದ ಗಾಳಿ ಬೇಕು, ಬೇಸಿಗೆಯಲ್ಲಿ ವಾಪಸ್ ಬರಲು ನೈಋತ್ಯದ ಗಾಳಿ. ಜೂನ್‌ನಲ್ಲಿ ನಮ್ಮ ಕರಾವಳಿಗೆ ಮಳೆ ತರುತ್ತದಲ್ಲ, ಅದೇ ಮುಂಗಾರಿನ ಗಾಳಿ. ಅದಕ್ಕೇ ಕಾದು ಕೂತಿರುತ್ತಿದ್ದರು, ಸುಂಕದ ಗುಮಾಸ್ತರೂ ಸೇರಿ.

ಹಡಗಿಗೂ ಡ್ರ್ಯಾಗನ್‌ಗೂ ಏನು ಸಂಬಂಧ?

ಹಡಗಿನ ತಳದ ಉದ್ದ ತೊಲೆಗೆ, ಅದರ ಬೆನ್ನುಮೂಳೆಗೆ, ಚೀನೀ ಭಾಷೆಯಲ್ಲಿ ‘ಲೊಂಗ್‌ಗು’ ಎಂದು ಹೆಸರು: ಡ್ರ್ಯಾಗನ್‌ನ ಮೂಳೆ. ಮುಂಭಾಗದ ಎರಡು ಪಕ್ಕ ಕಣ್ಣು ಬರೆಯುತ್ತಾರೆ. ಒಟ್ಟಿನಲ್ಲಿ ಹಡಗೇ ಒಂದು ಜೀವ.

1974ರಲ್ಲಿ ಹೌಝು ಎಂಬಲ್ಲಿ ಕೆಸರಿನಿಂದ 13ನೇ ಶತಮಾನದ ಹಡಗೊಂದನ್ನು ಅಗೆದು ತೆಗೆದರು. ಉಳಿದ ಭಾಗವೇ 24 ಮೀಟರ್ ಉದ್ದ, 9 ಮೀಟರ್ ಅಗಲ. ಒಳಗೆ ಅಡ್ಡಗೋಡೆ ಹಾಕಿ 13 ಕೋಣೆ ಮಾಡಿದ್ದರು. ಒಂದು ಕೋಣೆಗೆ ನೀರು ನುಗ್ಗಿದರೂ ಹಡಗು ಮುಳುಗಬಾರದು ಅಂತ. ಸುಗಂಧದ ಮರದ ತುಂಡುಗಳು, ಕಾಳುಮೆಣಸು, ಅಡಿಕೆ, ಕವಡೆ, ಧೂಪ ಸಿಕ್ಕವು. ನನಗೆ ಇಷ್ಟವಾದದ್ದು ಮಾತ್ರ ಬೇರೆ. ಆ ‘ಡ್ರ್ಯಾಗನ್ ಮೂಳೆ’ಯ ತೊಲೆಗಳು ಕೂಡುವ ಜಾಗದಲ್ಲಿ, ಮೇಲಿನ ಹಲಗೆ ಹೊಡೆದ ಮೇಲೆ ಯಾರಿಗೂ ಕಾಣದ ಕಡೆ, ಬಡಗಿಗಳು ಸಣ್ಣ ಸಣ್ಣ ಕುಳಿ ಕೊರೆದಿದ್ದರು. ಸಪ್ತರ್ಷಿ ಮಂಡಲದ ಆಕಾರದಲ್ಲಿ ಏಳು ಕುಳಿ, ಅವುಗಳಲ್ಲಿ ನಾಣ್ಯಗಳು. ಪಕ್ಕದ ದೊಡ್ಡ ಕುಳಿಯಲ್ಲಿ ಒಂದು ಕಂಚಿನ ಕನ್ನಡಿ. ದಾರಿ ತೋರಲಿ, ಬೆಳಕಾಗಲಿ ಅಂತ. ಏಳುನೂರು ವರ್ಷ ಅದು ಕೆಸರಲ್ಲಿತ್ತು.

ಭಾರತದವರು ಅಲ್ಲಿ ದೇವಸ್ಥಾನ ಕಟ್ಟಿದ್ದರಂತೆ, ನಿಜವಾ?

ನಿಜ. 1281ರ ತಮಿಳು ಶಾಸನ ಸಿಕ್ಕಿದೆ. ಆಗ ಚೀನಾ ಆಳುತ್ತಿದ್ದ ಮಂಗೋಲ್ ಖಾನನ ಅಪ್ಪಣೆಯಿಂದ ಶಿವನನ್ನು ಪ್ರತಿಷ್ಠೆ ಮಾಡಿದ ವಿಷಯ ಅದರಲ್ಲಿದೆ. ಆ ದೇವಸ್ಥಾನ ಈಗ ಇಲ್ಲ, ಕಲ್ಲುಗಳು ಊರೆಲ್ಲ ಚದುರಿವೆ. ಲಿಂಗಕ್ಕೆ ಹೂ ಅರ್ಪಿಸುವ ಆನೆಯ ಕೆತ್ತನೆಯಂಥವು ಅಲ್ಲಿನ ಕಡಲ ವ್ಯಾಪಾರದ ಸಂಗ್ರಹಾಲಯದಲ್ಲಿವೆ. ಕೈಯುವಾನ್ ದೇವಸ್ಥಾನದ ಮುಖ್ಯ ಮಂಟಪದ ಹಿಂಬದಿಗೆ ಹೋದರೆ ಎರಡು ಕಂಬ ಇವೆ. ನರಸಿಂಹ ಇದ್ದಾನೆ, ಗಜೇಂದ್ರಮೋಕ್ಷ ಇದೆ, ಕೃಷ್ಣ ಇದ್ದಾನೆ. ಬುದ್ಧನ ಗುಡಿಯ ಕಂಬದಲ್ಲಿ! ಆಮೇಲಿನ ಮಿಂಗ್ ದೊರೆಗಳ ಕಾಲದಲ್ಲಿ ದುರಸ್ತಿ ಮಾಡುವಾಗ ಸಿಕ್ಕ ಒಳ್ಳೆಯ ಕಲ್ಲನ್ನು ತಂದು ನಿಲ್ಲಿಸಿದ್ದು. ಮುಂಬಾಗಿಲಿನಿಂದ ನೋಡಿ ವಾಪಸ್ ಬರುವವರಿಗೆ ಇದು ತಪ್ಪಿಹೋಗುತ್ತದೆ. ಚೆದಿಯೆನ್ ಎಂಬ ಹಳ್ಳಿಯಲ್ಲಿ ಹಳೆಯ ಹಿಂದೂ ದೇವಿಯ ಮೂರ್ತಿಯನ್ನು ಇವತ್ತಿಗೂ ಬೌದ್ಧರ ಕರುಣೆಯ ದೇವಿ ‘ಗುವಾನ್‌ಯಿನ್’ ಅಂತ ಪೂಜಿಸುತ್ತಾರೆ.

ಕರ್ನಾಟಕದ ಕೊಂಡಿ ಬೇಕಿದ್ದರೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಇದ್ದಾನೆ. 1340ರ ದಶಕದಲ್ಲಿ ಹೊನ್ನಾವರದ ಸುಲ್ತಾನನ ಅತಿಥಿಯಾಗಿದ್ದ, ಮಂಗಳೂರಿನ ಮೆಣಸು, ಶುಂಠಿಯ ಬಗ್ಗೆ ಬರೆದ. ಮುಂದೆ ಜೈತೂನ್ ತಲುಪಿದ್ದನ್ನೂ ಬರೆದಿದ್ದಾನೆ. ಬಂದರಿನಲ್ಲಿ ಸುಮಾರು ನೂರು ದೊಡ್ಡ ಹಡಗು ಕಂಡೆ, ಸಣ್ಣವನ್ನು ಎಣಿಸಲಾಗದು ಅನ್ನುತ್ತಾನೆ. ಊರಲ್ಲಿ ಆಲಿವ್ ಇಲ್ಲ ಎಂದೂ ದಾಖಲಿಸಿದ್ದಾನೆ! ಅವನಿಗಿಂತ ಮೊದಲು ಮಾರ್ಕೊ ಪೋಲೊ, ಈಜಿಪ್ಟಿನ ಅಲೆಕ್ಸಾಂಡ್ರಿಯ ಬಂದರಿಗೆ ಒಂದು ಹಡಗು ಮೆಣಸು ಹೋದರೆ ಜೈತೂನ್‌ಗೆ ನೂರು ಬರುತ್ತದೆ ಎಂದಿದ್ದ.

ಡ್ರ್ಯಾಗನ್ ಬೋಟ್ ಹಬ್ಬ ಅಂದರೆ ದೋಣಿ ಸ್ಪರ್ಧೆ ಮಾತ್ರವಾ?

ಟಿವಿಯಲ್ಲಿ ತೋರಿಸುವುದು ಅದನ್ನೇ. ಚೀನೀ ಪಂಚಾಂಗದ ಐದನೇ ತಿಂಗಳ ಐದನೇ ದಿನ, ಅಂದರೆ ಮೇ ಕೊನೆಯಿಂದ ಜೂನ್ ನಡುವೆ. ಮಳೆ, ಸೆಕೆ, ಗೋಡೆಗೆ ಬೂಷ್ಟು, ಕಾಯಿಲೆಯ ಕಾಲ. ಪೀಡೆ ಓಡಿಸುವುದೇ ಹಬ್ಬದ ಹಳೆಯ ಉದ್ದೇಶ.

ಚುವಾನ್‌ಝೌ ಪಕ್ಕದ ಅನ್‌ಹಾಯ್ ಪೇಟೆಯಲ್ಲಿ ಅವತ್ತು ಡ್ರ್ಯಾಗನ್ ರಾಜ ಮನೆ ಮನೆಗೆ ಬರುತ್ತಾನೆ. ಮರದಲ್ಲಿ ಕೆತ್ತಿದ ಅವನ ತಲೆಯನ್ನು ಹೊತ್ತುಕೊಂಡು, ಡೋಲು ಜಾಗಟೆ ಬಾರಿಸುತ್ತಾ, ‘ಸೋ ಲೋ ಲಿಯೆನ್’ ಎಂಬ ಪಲ್ಲವಿ ಹಾಡುತ್ತಾ ಮೆರವಣಿಗೆ ಸಾಗುತ್ತದೆ. ಮನೆಯವರು ಊದುಬತ್ತಿ ಹಚ್ಚಿ, ಪಟಾಕಿ ಹೊಡೆದು ಬರಮಾಡಿಕೊಳ್ಳುತ್ತಾರೆ. ಸೊಪ್ಪಿನ ಕೊಂಬೆ ಕಟ್ಟಿದ ಬಾವುಟ ಹಿಡಿದವನು ಒಳಗೆ ನುಗ್ಗಿ ಬಾಗಿಲ ಮೇಲಿನ ತೊಲೆಯನ್ನು ಸರಸರ ಗುಡಿಸುತ್ತಾನೆ. ಅವನ ಹಿಂದೆ ‘ಹೂವಜ್ಜಿ’ ಬರುತ್ತಾಳೆ. ಅಜ್ಜಿ ಅಂದರೆ ಸೀದಾ ಮೀಸೆ ಬೋಳಿಸಿದ ಗಂಡಸು, ಹೆಣ್ಣು ವೇಷ, ಸೊಂಟ ಕುಣಿಸುವ ನಡಿಗೆ. ಮನೆಯಾಕೆಗೆ ಹೂ ಕೊಡುತ್ತಾನೆ, ಅವಳು ಕೆಂಪು ಲಕೋಟೆಯಲ್ಲಿ ದುಡ್ಡು ಕೊಡುತ್ತಾಳೆ. ಮಕ್ಕಳು ಬಿದ್ದು ಬಿದ್ದು ನಗುತ್ತವೆ.

ಅದೇ ಪೇಟೆಯಲ್ಲಿ ಇನ್ನೊಂದು ಆಟ ಇದೆ. ನೀರಿನ ಮೇಲೆ ಅಡ್ಡಕ್ಕೆ ಕಂಬ ಚಾಚಿ ಎಣ್ಣೆ ಬಳಿದು, ತುದಿಗೆ ಬಾತುಕೋಳಿಯ ಪೆಟ್ಟಿಗೆ ಕಟ್ಟುತ್ತಾರೆ. ಕಂಬದ ಮೇಲೆ ನಡೆದು ಹೋಗಿ ಪೆಟ್ಟಿಗೆ ಬಡಿಯಬೇಕು. ಬಾತುಕೋಳಿ ನೀರಿಗೆ, ಹಿಂದೆಯೇ ಅವನೂ ನೀರಿಗೆ. ಹಿಡಿದವನಿಗೆ ಬಾತುಕೋಳಿ.

‘ಡ್ರ್ಯಾಗನ್ ವರ್ಷ’ ಅಂದರೇನು?

ಹನ್ನೆರಡು ವರ್ಷದ ಚಕ್ರದಲ್ಲಿ ಐದನೆಯದು. ಹನ್ನೆರಡರಲ್ಲಿ ನಿಜವಾಗಿ ಇಲ್ಲದ ಪ್ರಾಣಿ ಇದೊಂದೇ. ಹಿಂದಿನದು 2024ರ ಫೆಬ್ರವರಿ 10ರಂದು ಶುರುವಾಗಿತ್ತು, ಮುಂದಿನದು 2036ರಲ್ಲಿ. ಈ ವರ್ಷ ಹುಟ್ಟಿದ ಮಗುವಿಗೆ ಅದೃಷ್ಟ ಅಂತ ನಂಬಿಕೆ. ತೈವಾನ್, ಸಿಂಗಪುರದಲ್ಲಿ ಹಲವು ಡ್ರ್ಯಾಗನ್ ವರ್ಷಗಳಲ್ಲಿ ಹೆರಿಗೆಗಳೇ ಹೆಚ್ಚಾಗಿವೆ. ಆ ಮಕ್ಕಳೆಲ್ಲ ಒಟ್ಟಿಗೆ ಶಾಲೆಗೆ ಸೇರುವಾಗ ಸೀಟಿಗೆ ನೂಕುನುಗ್ಗಲು. ಅದೃಷ್ಟದ ಲೆಕ್ಕ ಅಲ್ಲೇ ಸರಿಹೋಗುತ್ತದೆ.

ಡ್ರ್ಯಾಗನ್ ಫ್ರೂಟ್ ಅಲ್ಲಿಂದ ಬಂದದ್ದಾ?

ಅಲ್ಲ, ಅದು ಅಮೆರಿಕ ಖಂಡದ ಕಳ್ಳಿ ಜಾತಿ. ಫೂಜಿಯನ್‌ನ ಡ್ರ್ಯಾಗನ್ ಹಣ್ಣು ಅಂದರೆ ಲೊಂಗಾನ್, ‘ಡ್ರ್ಯಾಗನ್ ಕಣ್ಣು’. ಸಿಪ್ಪೆ ಸುಲಿದರೆ ಬಿಳಿ ತಿರುಳೊಳಗೆ ಕಪ್ಪು ಬೀಜ, ಸಾಕ್ಷಾತ್ ಕಣ್ಣುಗುಡ್ಡೆ.

ಚಹಾದಲ್ಲಿ ಮಾತ್ರ ಡ್ರ್ಯಾಗನ್ ನಿಜವಾಗಿಯೂ ಇದೆ. ಊಲಾಂಗ್ ಅಂದರೆ ‘ಕಪ್ಪು ಡ್ರ್ಯಾಗನ್’. ಚುವಾನ್‌ಝೌಗೆ ಸೇರಿದ ಅನ್‌ಶಿ ತಾಲ್ಲೂಕಿನ ‘ತಿಯೆಗುವಾನ್‌ಯಿನ್’ ಊಲಾಂಗ್‌ಗಳಲ್ಲಿ ದೊಡ್ಡ ಹೆಸರು. ಇನ್ನೊಂದು ವಿಷಯ: ನಾವು ‘ಚಹಾ’ ಅಂತಲೂ ಅನ್ನುತ್ತೇವೆ, ‘ಟೀ’ ಅಂತಲೂ ಅನ್ನುತ್ತೇವೆ, ಅಲ್ವಾ? ಎರಡೂ ಚೀನಾದವೇ. ‘ಚಾ’ ಎಂಬುದು ಚೀನಾದ ಹೆಚ್ಚಿನ ಕಡೆಯ ಮಾತು. ‘ತೆ’ ಎಂಬುದು ಈ ಮಿನ್ನಾನ್ ಜನರ ಮಾತು. ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ, ಇಂಗ್ಲಿಷಿನಿಂದ ನಮ್ಮ ಹೋಟೆಲಿಗೆ ಬಂತು.

ಇಷ್ಟು ದೊಡ್ಡ ಬಂದರು ಯಾಕೆ ಸೊರಗಿತು?

1357ರಿಂದ ಸುಮಾರು ಹತ್ತು ವರ್ಷ ಇಲ್ಲೇ ದಂಗೆ ನಡೆಯಿತು, ಹೊರಗಿನವರು ಸತ್ತರು ಇಲ್ಲವೇ ಓಡಿಹೋದರು. ಆಮೇಲೆ ಬಂದ ಮಿಂಗ್ ದೊರೆಗಳು ಖಾಸಗಿ ಕಡಲ ವ್ಯಾಪಾರಕ್ಕೆ ತಡೆ ಹಾಕಿದರು. ಬಂದರಿನಲ್ಲಿ ಹೂಳು ತುಂಬಿತು. ವ್ಯಾಪಾರ ನಿಧಾನಕ್ಕೆ ಅದೇ ಕರಾವಳಿಯ ಇನ್ನೊಂದು ಬಂದರು ಷಿಯಾಮೆನ್ ಕಡೆ ಸರಿಯಿತು.

ಸಸ್ಯಾಹಾರಿಗಳಿಗೆ ಅಲ್ಲಿ ಊಟ ಸಿಗುತ್ತಾ?

ಸ್ವಲ್ಪ ಕಷ್ಟ. ಊರಿನ ಹೆಮ್ಮೆಯ ತಿಂಡಿಗಳಲ್ಲಿ ಹೆಚ್ಚಿನವು ಮಾಂಸಾಹಾರ: ಸಿಂಪಿಯ ಆಮ್ಲೆಟ್, ಬೆಳಿಗ್ಗೆ ಗಂಜಿಯ ಹಾಗೆ ಕುಡಿಯುವ ಸಣ್ಣ ಶ್ಯಾವಿಗೆ, ಕಡಲ ಹುಳುವಿನ ಜೆಲ್ಲಿ ಕೂಡ. ‘ವೊ ಚಿ ಸು’ (ನಾನು ಸಸ್ಯಾಹಾರಿ) ಎಂಬ ಮೂರು ಪದ ಕಲಿತುಕೊಳ್ಳಿ. ಬೌದ್ಧ ದೇವಸ್ಥಾನಗಳ ಹತ್ತಿರ ಹುಡುಕಿದರೆ ಸಸ್ಯಾಹಾರದ ಊಟ ಸಿಗುವ ಸಾಧ್ಯತೆ ಜಾಸ್ತಿ.

ಒಂದೇ ದಿನ ಇದ್ದರೆ ಏನು ನೋಡಬೇಕು?

ಷಿಯಾಮೆನ್‌ನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬೆಳಿಗ್ಗೆ ಕೈಯುವಾನ್ ದೇವಸ್ಥಾನಕ್ಕೆ ಹೋಗಿ ಮೊದಲು ಹಿಂಬದಿಯ ಕಂಬ ನೋಡಿ. ಹಳೆಯ ಹಡಗನ್ನು ಇಟ್ಟಿರುವ ಕಟ್ಟಡವೂ ಅದೇ ಆವರಣದಲ್ಲಿದೆ. ಮಧ್ಯಾಹ್ನ ಮಸೀದಿ, ಸಂಜೆ ಮಾಜು ಗುಡಿ. ಬಿಸಿಲು ಇಳಿಯುವ ಹೊತ್ತಿಗೆ ಅಂಗಳದ ಮೂಲೆಯಲ್ಲಿ ನಿಂತು ಮಾಡಿನ ಏಣು ನೋಡಿ. ಬಟ್ಟಲಿನ ಚೂರುಗಳ ಮೇಲೆ ಆಗ ಬೆಳಕು ಓರೆಯಾಗಿ ಬೀಳುತ್ತದೆ. ಮಳೆ ಬಂದು ನಿಂತ ಸಂಜೆಯಾದರಂತೂ ಬೈನಾಕ್ಯುಲರ್ ತರಲಿಲ್ಲವಲ್ಲ ಅನಿಸುತ್ತದೆ.